ಪಾಂಡುರಂಗರಾಯರ ಬೂಸಾ ಪಥ್ಯ

ಜಮಖಂಡಿಯಲ್ಲಿ ಬಸ್ಸುಗಳಿಗಿಂತ ಟಾಂಗಾಗಳೇ ಹೆಚ್ಚಿದ್ದ ಕಾಲದ ಮಾತಿದು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಸಂಸ್ಥಾನ ಹೋಗಿ ಇಪ್ಪತ್ತು ವರ್ಷ ದಾಟಿದ್ದರೂ ಊರಿನ ಹಿರಿಯರು ಸಿಟ್ಟು ಬಂದಾಗ ಮರಾಠಿಯಲ್ಲಿ ಬಯ್ದು, ಸಿಟ್ಟು ಇಳಿದ ಮೇಲೆ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು. ಮನೆಯೊಳಗೆ ಪಾಯಖಾನೆ ಕಟ್ಟಿಸಿಕೊಂಡವರು ಓಣಿಗೆ ಒಬ್ಬರೋ ಇಬ್ಬರೋ. ಉಳಿದವರೆಲ್ಲ ಬೆಳಿಗ್ಗೆ ತಂಬಿಗೆ ಹಿಡಿದು ಹಳ್ಳದ ಕಡೆಗೆ ನಡೆಯುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಹೋದರು, ಯಾರು ಎಷ್ಟು ಬೇಗ ತಿರುಗಿ ಬಂದರು, ಬರುವಾಗ ಯಾರ ಮುಖ ಹೇಗಿತ್ತು ಎಂಬುದನ್ನೆಲ್ಲ ಕಟ್ಟೆಯ ಮೇಲೆ ಕುಳಿತವರು ನೋಡುತ್ತಲೇ ಚಹಾ ಮುಗಿಸುತ್ತಿದ್ದರು. ಹೀಗಾಗಿ ಆ ಓಣಿಯಲ್ಲಿ ಯಾರ ಹೊಟ್ಟೆಯ ಸಂಗತಿಯೂ ಖಾಸಗಿಯಾಗಿರಲಿಲ್ಲ.

ಅಂಥ ಓಣಿಯಲ್ಲಿದ್ದುಕೊಂಡು ಪಾಂಡುರಂಗರಾಯರು ಎರಡು ವರ್ಷ ಒಂದು ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದರು. ಅವರು ಗುಮಾಸ್ತರಾಗಿದ್ದದ್ದು ಸರಕಾರದ ಹಂದಿ ಸಾಕಣೆ ಕೇಂದ್ರದಲ್ಲಿ.

ತಾಲೂಕು ಕಚೇರಿಯಿಂದ ಅಲ್ಲಿಗೆ ವರ್ಗವಾದ ದಿನ ಅವರು ಮನೆಗೆ ಬಂದು, ತಮ್ಮನ್ನು ವಿಕಾಸ ಕಚೇರಿಗೆ ಹಾಕಿದ್ದಾರೆಂದು ಹೆಂಡತಿ ಕುಮುದಿನಿಬಾಯಿಗೆ ಹೇಳಿದರು. ಯಾವುದರ ವಿಕಾಸ ಎಂದು ಆಕೆ ಕೇಳಿದಾಗ, ಅದನ್ನು ಸರಕಾರ ಇನ್ನೂ ನಿಶ್ಚಯ ಮಾಡಿಲ್ಲ ಎಂದರು. ಇದು ಪೂರ್ತಿ ಸುಳ್ಳಾಗಿರಲಿಲ್ಲ. ಮುಧೋಳ ರಸ್ತೆಯಲ್ಲಿ ಊರಿನಿಂದ ಒಂದೂವರೆ ಮೈಲು ದೂರದಲ್ಲಿ ಎರಡು ಖೋಲಿಯ ಆ ಕಚೇರಿ ಎದ್ದು, ಹಿಂದೆ ಬೇಲಿ ಬಿದ್ದು, ಗೋದಲಿ ಕಟ್ಟಿ ಮುಗಿದರೂ ಒಂದೂವರೆ ವರ್ಷ ಅಲ್ಲಿಗೆ ಒಂದು ಹಂದಿಯೂ ಬರಲಿಲ್ಲ. ಇಲ್ಲದ ಹಂದಿಗಳ ಬಗ್ಗೆ ಪ್ರತಿ ತಿಂಗಳೂ ವರದಿ ಬರೆದು ಕಳಿಸುತ್ತಿದ್ದ ಆ ದಿನಗಳೇ ರಾಯರ ನೌಕರಿಯಲ್ಲಿ ಅತ್ಯಂತ ಸುಖದ ದಿನಗಳು.

ಆಮೇಲೆ ಒಂದು ದಿನ ಕುಡಚಿ ಸ್ಟೇಶನ್ನಿಗೆ ರೈಲಿನಲ್ಲಿ ಬಂದ ಆರು ಬಿಳಿಯ ಹಂದಿಗಳು ಅಲ್ಲಿಂದ ಲಾರಿ ಹತ್ತಿ ಕೇಂದ್ರಕ್ಕೆ ಬಂದಿಳಿದವು. ಗುಲಾಬಿ ಬಣ್ಣದ ಕಿವಿ, ಉದ್ದ ಬೆನ್ನು, ವಿಲಾಯತಿ ತಳಿ. ಅವುಗಳನ್ನು ನೋಡಿಕೊಳ್ಳಲು ಸಾವಳಗಿ ಕಡೆಯ ಅಮಸಿದ್ದಪ್ಪ ಎಂಬ ಮಧ್ಯವಯಸ್ಸಿನ ಮನುಷ್ಯನನ್ನು ದಿನಗೂಲಿಯ ಮೇಲೆ ತೆಗೆದುಕೊಂಡಿದ್ದರು. ಹಂದಿಗಳು ಚೆನ್ನಾಗಿ ಬೆಳೆದರೆ ಅವನ ನೌಕರಿ ಕಾಯಂ ಆಗುವುದಿತ್ತು. ಕುರಿ ಕಾಯ್ದು ಗೊತ್ತಿದ್ದ ಅವನು ಮೂರೇ ದಿನದಲ್ಲಿ ಆರಕ್ಕೂ ಹೆಸರಿಟ್ಟು ಕರೆಯತೊಡಗಿದ. ರಾಯರು ಮಾತ್ರ ಬೇಲಿ ದಾಟಲಿಲ್ಲ. ಕಿಟಕಿಯಲ್ಲಿ ನಿಂತು ಅಮಸಿದ್ದಪ್ಪನಿಂದ ಸುದ್ದಿ ಕೇಳಿ ಬರೆದುಕೊಳ್ಳುತ್ತಿದ್ದರು. ರಜಿಸ್ಟರಿನಲ್ಲಿಯೂ ಆ ಪ್ರಾಣಿಯ ಹೆಸರು ಬರೆಯದೆ ‘ಘಟಕ ಒಂದು’, ‘ಘಟಕ ಎರಡು’ ಎಂದೇ ನಮೂದಿಸುತ್ತಿದ್ದರು.

ಇನ್ನು ರಾಯರ ಹೊಟ್ಟೆಯ ವಿಚಾರ. ಕುಮುದಿನಿಬಾಯಿಗೆ ಗೋಧಿ ಹಿಟ್ಟನ್ನು ಮೂರು ಸಲ ಜರಡಿ ಹಿಡಿಯುವ ಅಭ್ಯಾಸವಿತ್ತು. ಆಕೆಯ ಚಪಾತಿಯನ್ನು ದೀಪಕ್ಕೆ ಹಿಡಿದರೆ ಬೆಳಕು ಕಾಣಿಸುತ್ತದೆಂದು ಓಣಿಯವರು ಹೇಳುತ್ತಿದ್ದರು. ಜರಡಿಯಲ್ಲಿ ಉಳಿದ ಬೂಸಾ ಪಕ್ಕದ ಮನೆಯ ಆಕಳಿಗೆ ಹೋಗುತ್ತಿತ್ತು. ಜೋಳದ ರೊಟ್ಟಿ ಹೊಲದಲ್ಲಿ ದುಡಿಯುವವರ ಊಟ, ಕುಳಿತು ಬರೆಯುವವರಿಗೆ ಬಿಳಿ ಅನ್ನ ಮತ್ತು ನುಣ್ಣನೆಯ ಚಪಾತಿ ಎಂಬುದು ರಾಯರ ಸಿದ್ಧಾಂತ. ಈ ಸಿದ್ಧಾಂತದ ಫಲವಾಗಿ ಅವರು ತಂಬಿಗೆ ಹಿಡಿದು ಹೋಗಿ ಬರುವಷ್ಟರಲ್ಲಿ ಕಟ್ಟೆಯವರ ಎರಡನೇ ಚಹಾ ಆಗಿರುತ್ತಿತ್ತು. ಆ ವರ್ಷ ಬೇಸಿಗೆಯಲ್ಲಂತೂ ನಾಲ್ಕು ದಿನ, ಐದು ದಿನ, ಏನೂ ಆಗದೆ ಹೋಗತೊಡಗಿತು. ಮುಖ ಕಪ್ಪಿಟ್ಟಿತು. ತಂಬಿಗೆ ಮಾತ್ರ ದಿನವೂ ತಪ್ಪದೆ ಹೋಗಿ ಬರುತ್ತಿತ್ತು.

ಅದೇ ವಾರ ಅಮಸಿದ್ದಪ್ಪ ಕಿಟಕಿಗೆ ಬಂದು, ಆರೂ ಹಂದಿಗಳಿಗೆ ಮಲ ಕಲ್ಲಿನಂತೆ ಬಿಗಿದಿದೆ, ಮೇವಿನ ಮೇಲೆ ಮನಸ್ಸಿಲ್ಲ ಎಂದು ತಿಳಿಸಿದ. ಸರಕಾರ ಕಳಿಸುತ್ತಿದ್ದದ್ದು ಬರೀ ಗೋವಿನಜೋಳದ ನುಣ್ಣನೆಯ ಹಿಟ್ಟು. ರಾಯರು ಜೀವನದಲ್ಲಿ ಮೊದಲ ಸಲ ಘಟಕಗಳ ಬಗ್ಗೆ ಒಂದಿಷ್ಟು ಕನಿಕರಪಟ್ಟರು.

ಅಂದೇ ಅವರು ಧಾರವಾಡಕ್ಕೆ ಎರಡು ಪತ್ರ ಬರೆದರು. ಒಂದು, ಪ್ರಾಣಿಗಳ ಆಹಾರದ ತಜ್ಞರಾದ ಡಾಕ್ಟರ್ ನಾಮದೇವ ಅವರಿಗೆ. ಇನ್ನೊಂದು, ಮನುಷ್ಯರ ಡಾಕ್ಟರಾದ ಕುಮುದಿನಿಬಾಯಿಯ ತಮ್ಮ ಗುರುರಾಜನಿಗೆ. ಇಬ್ಬರ ಮನೆಯೂ ಒಂದೇ ಗಲ್ಲಿಯಲ್ಲಿ. ಹೀಗಾಗಿ ಉತ್ತರ ಸಿದ್ಧವಾದಾಗ ನಾಮದೇವ ಅವರು ತಮ್ಮ ಲಕೋಟೆಯನ್ನು ಗುರುರಾಜನ ಕೈಯಲ್ಲಿ ಕೊಟ್ಟರು. ಗುರುರಾಜ ಅದರ ಜೊತೆ ತನ್ನದೊಂದನ್ನು ಸೇರಿಸಿ, ಎರಡನ್ನೂ ಜಮಖಂಡಿಗೆ ಹೊರಟ ಬಸ್ಸಿನ ಕಂಡಕ್ಟರನಿಗೆ ಕೊಟ್ಟ. ಕೈಯಿಂದ ಕೈಗೆ ಹೋಗುವ ಪತ್ರಗಳಾದ್ದರಿಂದ ಎರಡರ ಮೇಲೂ ಯಾರೂ ಏನೂ ಬರೆದಿರಲಿಲ್ಲ.

ರಾಯರು ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಿಂತು ಎರಡನ್ನೂ ಒಡೆದರು. ಒಂದರಲ್ಲಿ ಕೈಬರಹದ ಚೀಟಿ. ಮಸಿಯ ದೌತಿಗೆ ಬಿದ್ದ ಇರುವೆ ಎದ್ದು ಮನೆಗೆ ಹೋದ ದಾರಿಯಂತಿತ್ತು. ಇನ್ನೊಂದರಲ್ಲಿ ಟೈಪು ಮಾಡಿದ ಅಚ್ಚುಕಟ್ಟಾದ ಕಾಗದ. ಕಾರ್ಬನ್ ಪ್ರತಿಯಾದ್ದರಿಂದ ಸಹಿ ಇರಲಿಲ್ಲ. ‘ಅರವತ್ತು ಕಿಲೋ ತೂಕಕ್ಕೆ, ತಲಾ’ ಎಂದು ಆರಂಭವಾಗಿತ್ತು, ಯಾರಿಗೆಂದು ಎಲ್ಲಿಯೂ ಇರಲಿಲ್ಲ. ಗುರುರಾಜ ಹೋದ ತಿಂಗಳಷ್ಟೇ ಟೈಪ್‌ರೈಟರ್ ಕೊಂಡ ಸುದ್ದಿಯನ್ನು ಅಕ್ಕನಿಗೆ ಎರಡು ಸಲ ಬರೆದಿದ್ದ. ರಾಯರ ತೂಕ ಅರವತ್ತೊಂದು ಕಿಲೋ. ಇನ್ನೇನು ಪುರಾವೆ ಬೇಕು? ಟೈಪು ಮಾಡಿದ್ದು ತಮ್ಮದೆಂದೂ ಇರುವೆ ಬರೆದದ್ದು ಘಟಕಗಳದೆಂದೂ ರಾಯರು ಅಲ್ಲಿಯೇ ತೀರ್ಮಾನಿಸಿದರು.

ಇರುವೆಯ ಬರಹವನ್ನು ಓದಲು ಅವರಿಗೆ ಅರ್ಧ ದಿನ ಹಿಡಿಯಿತು. ಮೆತ್ತನೆಯ ಅನ್ನದ ಗಂಜಿ, ಹೆಸರುಬೇಳೆಯ ತಿಳಿ, ಒರಟಾದದ್ದು ಏನೂ ಕೂಡದು. ದಿನಕ್ಕೊಮ್ಮೆ ಔಡಲೆಣ್ಣೆ. ಸಂಜೆ ಎರಡು ಮೈಲು ನಡಿಗೆ. ಮನಸ್ಸಿಗೆ ಚಿಂತೆ ಹಚ್ಚಿಕೊಳ್ಳದೆ ಒಳ್ಳೆಯ ಸಂಗೀತ ಕೇಳಬೇಕು. ಹಂದಿಗೆ ಸಂಗೀತವೇ ಎಂದು ರಾಯರಿಗೆ ಒಂದು ಕ್ಷಣ ಅನುಮಾನವೇನೋ ಬಂತು. ಆದರೆ ವಿಲಾಯತಿ ತಳಿಯ ಪ್ರಾಣಿ, ಅಲ್ಲಿ ಅದಕ್ಕೆ ಏನೇನು ರೂಢಿಯೋ ಎಂದುಕೊಂಡು ಅದನ್ನೆಲ್ಲ ಕಿಟಕಿಯಿಂದ ಅಮಸಿದ್ದಪ್ಪನಿಗೆ ಓದಿ ಹೇಳಿ, ಚೀಟಿಯನ್ನೂ ಅವನ ಕೈಗೆ ಕೊಟ್ಟರು.

ಅಮಸಿದ್ದಪ್ಪ ತಲೆ ಕೆರೆದುಕೊಂಡ. “ರಾಯರ, ಸಂಗೀತ ಅಂದ್ರ ಯಾವುದರಿ? ನನಗ ಡೊಳ್ಳಿನ ಪದ ಅಷ್ಟ ಬರತಾವ.”

“ಒಳ್ಳೇದಿರಬೇಕು ಅಂತ ಬರದಾರ. ನಿನಗ ಒಳ್ಳೇದು ಯಾವುದು ಅನಸ್ತದೋ ಅದನ್ನ ಹಾಡು.”

ಅಂದಿನಿಂದ ಮುಧೋಳ ರಸ್ತೆಯಲ್ಲಿ ಇಳಿಹೊತ್ತಿಗೆ ಆರು ಬಿಳಿಯ ಹಂದಿಗಳು ಸಾಲಾಗಿ ವಾಯುಸೇವನೆಗೆ ಹೊರಡತೊಡಗಿದವು. ಹಿಂದೆ ಅಮಸಿದ್ದಪ್ಪ ರುಮಾಲು ಸುತ್ತಿ, ಕಿವಿಗೆ ಕೈ ಹಚ್ಚಿ ಪದ ಹಾಡುತ್ತ ನಡೆಯುತ್ತಿದ್ದ. ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಸರಕಾರ ದನಗಳಿಗೆ ಇಷ್ಟು ಮಾಡಿದ್ದರೆ ಎಂದು ನಿಟ್ಟುಸಿರು ಬಿಟ್ಟವರೂ ಇದ್ದರು.

ಇತ್ತ ಟೈಪಿನ ಕಾಗದ ಮನೆಯಲ್ಲಿ ತನ್ನ ಕೆಲಸ ನಡೆಸಿತು. ಅದರ ಪ್ರಕಾರ ಗೋಧಿ ಬೂಸಾ ದಿನಕ್ಕೆ ಇಷ್ಟು, ಶೇಂಗಾ ಹಿಂಡಿ ಇಷ್ಟು, ಹಸಿ ಸೊಪ್ಪು ಬೇಕಾದಷ್ಟು. ಬೂಸಾದೊಳಗಿನ ನಾರು ಸಣ್ಣ ಕರುಳಿನಲ್ಲಿ ಕರಗುವುದಿಲ್ಲ. ದೊಡ್ಡ ಕರುಳಿಗೆ ಹೋಗಿ, ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು, ಹಿಟ್ಟು ಹುಳಿ ಬಂದು ಹುದುಗಿದ ಹಾಗೆ ಹುದುಗುತ್ತದೆ. ಆ ಹುದುಗಿನ ಹುಳಿಯೇ ಕರುಳಿಗೆ ಬಲ. ಉಳಿದ ನಾರು ನೀರು ಹಿಡಿದುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಆದರೆ ಹತ್ತು ದಿನ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು, ಒಮ್ಮೆಲೇ ಕೊಟ್ಟರೆ ವಾಯು ವಿಪರೀತವಾದೀತು ಎಂದು ಎಚ್ಚರಿಕೆಯಿತ್ತು.

ಕುಮುದಿನಿಬಾಯಿ ಕಾಗದದ ಮಾತು ಕೇಳಿ ಮೂಗಿನ ಮೇಲೆ ಬೆರಳಿಟ್ಟರು. “ಆಕಳಾ ತಿನ್ನೂದು ತಿನ್ನಂತ ಬರದಾನಲ್ರಿ ನನ್ನ ತಮ್ಮ.” ಆದರೂ ತಮ್ಮನ ವಿದ್ಯೆಯ ಮೇಲೆ ಆಕೆಗೆ ಅಭಿಮಾನ. ಬೂಸಾ ಕಲೆಸಿ, ಉಳ್ಳಾಗಡ್ಡಿ-ಕೊತ್ತಂಬರಿ ಹಾಕಿ ಥಾಲಿಪೆಟ್ಟು ತಟ್ಟಿಕೊಟ್ಟರು. ಐದು ದಿನದ ಕಷ್ಟ ಉಂಡ ರಾಯರಿಗೆ ಹತ್ತು ದಿನ ಕಾಯುವ ತಾಳ್ಮೆಯೆಲ್ಲಿ? ಮೊದಲ ದಿನವೇ ಹತ್ತನೆಯ ದಿನದ ಪ್ರಮಾಣ ತಿಂದು, ಮೇಲೆ ಎರಡು ತಂಬಿಗೆ ನೀರು ಕುಡಿದು, ವಿಠ್ಠಲನ ಗುಡಿಯಲ್ಲಿ ಕೀರ್ತನ ಕೇಳಲು ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು.

ಸೂಕ್ಷ್ಮಜೀವಿಗಳು ಆಗ ಕೆಲಸಕ್ಕೆ ಹತ್ತಿದವು. ಕೀರ್ತನಕಾರರು ಪಂಢರಪುರಕ್ಕೆ ಹೊರಟ ಭಕ್ತನ ಕಷ್ಟ ಹೇಳುತ್ತ ಉಸಿರಿಗಾಗಿ ನಿಂತಾಗಲೆಲ್ಲ ರಾಯರ ಹೊಟ್ಟೆ ಕಥೆಯನ್ನು ಮುಂದುವರಿಸತೊಡಗಿತು. ತಬಲಾದವನು ಎರಡು ಸಲ ತಾಳ ತಪ್ಪಿ ಹಿಂದೆ ನೋಡಿದ. ಮೂರನೆಯ ಸಲ ರಾಯರು ಏಳಲು ಹೋದದ್ದೇ ತಪ್ಪಾಯಿತು. ಅದುವರೆಗೆ ಸದ್ದು ಯಾರದೆಂದು ಗೊತ್ತಿಲ್ಲದವರಿಗೂ ಗೊತ್ತಾಯಿತು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಕೀರ್ತನಕಾರರು ದೊಡ್ಡ ಮನುಷ್ಯರು, ಭಕ್ತನ ದಾರಿಯಲ್ಲಿ ಗುಡುಗು ಸಹಿತ ಮಳೆ ಬಂತೆಂದು ಸೇರಿಸಿ ಕಥೆಯನ್ನು ಸಾವರಿಸಿದರು.

ರಾಯರು ಮೂರು ದಿನ ಹೊರಗೆ ಮುಖ ತೋರಿಸಲಿಲ್ಲ. ಅಷ್ಟರಲ್ಲಿ ಬುದ್ಧಿ ಬಂದು ಕಾಗದದ ಪ್ರಕಾರವೇ ಅಳತೆ ಇಳಿಸಿ, ದಿನಕ್ಕಿಷ್ಟು ಎಂದು ಏರಿಸತೊಡಗಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಅವರು ತಂಬಿಗೆ ಹಿಡಿದು ಹೋಗಿ, ಕಟ್ಟೆಯವರು ಮೊದಲ ಚಹಾವನ್ನು ಬಸಿಗೆ ಸುರಿದುಕೊಳ್ಳುವಷ್ಟರಲ್ಲಿ ತಿರುಗಿ ಬಂದರು. ಮುಖ ತೊಳೆದ ತಾಟಿನಂತಿತ್ತು. ಕಟ್ಟೆಯ ಮೇಲಿದ್ದವರು ಬಸಿ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು.

ಅಂದು ಮೊದಲು ಮನೆಗೆ ಬಂದವರು ಅಡತಿ ವ್ಯಾಪಾರಿ ಬಸಗೊಂಡಪ್ಪನವರು. ಬೆಲ್ಲದ ಪೇಟೆಯಲ್ಲಿ ಅವರ ಮಾತಿಗೆ ಬೆಲೆ ಇತ್ತು. ಮಲಬದ್ಧತೆಯಲ್ಲಿ ಇಪ್ಪತ್ತೆರಡು ವರ್ಷದ ಅನುಭವ. ಮೀರಜಿನ ದವಾಖಾನೆಯಿಂದ ಹಿಡಿದು ಬೀಳಗಿಯ ನಾಟಿ ವೈದ್ಯರವರೆಗೆ ಎಲ್ಲರನ್ನೂ ಸೋಲಿಸಿ ಬಂದಿದ್ದರು. ರಾಯರು ಕಾಗದ ಓದಿ ಹೇಳಿದರು. ಬಸಗೊಂಡಪ್ಪನವರು ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಓದಲು ಹೇಳಿ, ನಾಳೆಯಿಂದ ತಾವೂ ಬರುವುದಾಗಿ ತಿಳಿಸಿದರು. ‘ಗುಂಪಿನಲ್ಲಿ ತಿಂದರೆ ಹಸಿವು ಹೆಚ್ಚುತ್ತದೆ’ ಎಂದೂ ಕಾಗದದಲ್ಲಿತ್ತು.

ಹದಿನೈದು ದಿನದೊಳಗೆ ರಾಯರ ಪಡಸಾಲೆಯಲ್ಲಿ ಬೆಳಗಿನ ಪಂಕ್ತಿಗೆ ಹನ್ನೆರಡು ಮಂದಿ ಕೂಡತೊಡಗಿದರು. ಒಬ್ಬ ನಿವೃತ್ತ ಹೆಡ್‌ಮಾಸ್ತರರು, ಇಬ್ಬರು ವಕೀಲರು, ಬನಹಟ್ಟಿಯಿಂದ ಸೀರೆ ಗಂಟು ಹೊತ್ತು ಬರುತ್ತಿದ್ದ ನೇಕಾರರು. ತಲೆಗೊಂದು ಬಟ್ಟಲು. ಬಸಗೊಂಡಪ್ಪನವರ ಖರ್ಚಿನಲ್ಲಿ ಆ ಕಾಗದಕ್ಕೆ ಚೌಕಟ್ಟು ಬಂದು ದೇವರ ಪಟಗಳ ಸಾಲಿನಲ್ಲಿ ಗೋಡೆ ಏರಿತು. ಹಿಟ್ಟಿನ ಗಿರಣಿಯಲ್ಲಿ ಮೊದಲು ಪುಕ್ಕಟೆ ಒಯ್ಯುತ್ತಿದ್ದ ಬೂಸಾಕ್ಕೆ ಈಗ ಪಾಳಿ ಹಚ್ಚಬೇಕಾಯಿತು. ಪಕ್ಕದ ಮನೆಯ ಆಕಳು ಬೇಲಿಯ ಮೇಲೆ ಕತ್ತಿಟ್ಟು ಇದನ್ನೆಲ್ಲ ನೋಡುತ್ತಿತ್ತು.

ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ‘ಬಿಸಿಲು ಹೆಚ್ಚಿದ್ದಾಗ ಕೆಸರಿನಲ್ಲಿ ಹೊರಳಲು ಅನುಕೂಲವಿರಲಿ.’ ಇದನ್ನು ಓದಿ ಬೇರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ರಾಯರು ಮಾತ್ರ ಮೈದುನ ಪ್ರಕೃತಿ ಚಿಕಿತ್ಸೆಯನ್ನೂ ಅಭ್ಯಾಸ ಮಾಡಿದ್ದಾನೆಂದು ಹೆಮ್ಮೆಪಟ್ಟು, ಹಿತ್ತಲಲ್ಲಿ ಬಾವಿಯ ಬದಿಗೆ ಮೊಣಕಾಲುದ್ದ ಗುಂಡಿ ತೋಡಿಸಿದರು. ಆದಿತ್ಯವಾರ ಪಂಕ್ತಿಗೆ ಮೊದಲು ಅರ್ಧ ತಾಸು ಅದರಲ್ಲಿ ಮಲಗುತ್ತಿದ್ದರು. ಎಂಟು ದಿನಕ್ಕೊಮ್ಮೆ ಬಸಗೊಂಡಪ್ಪನವರ ಅಡತಿಯಲ್ಲಿ ಬೆಲ್ಲದ ತಕ್ಕಡಿಯ ಮೇಲೆ ಕುಳಿತು ತೂಕ ನೋಡಿಸಿಕೊಂಡು ನೋಟಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಏಕೆಂದರೆ ಅದೂ ಕಾಗದದಲ್ಲಿತ್ತು.

ಕೇಂದ್ರದಲ್ಲಿ ಮಾತ್ರ ಪರಿಸ್ಥಿತಿ ಬೇರೆಯೇ ಆಗಿತ್ತು. ಔಡಲೆಣ್ಣೆ ಕುಡಿದ ಹಂದಿಗಳಿಗೆ ಬಿಗಿತ ಹೋಗಿ ಭೇದಿ ಹತ್ತಿತ್ತು. ಗಂಜಿ ಹೊಟ್ಟೆಯಲ್ಲಿ ನಿಲ್ಲದೆ ಗಳಿಗೆಗೊಮ್ಮೆ ಹಸಿದು ಒಂದರ ಬಾಲ ಒಂದು ಕಚ್ಚುತ್ತಿದ್ದವು. ಬೆನ್ನೆಲುಬು ಎದ್ದು ಕಂಡವು. ಅಮಸಿದ್ದಪ್ಪ ದಿನಾ ಕಿಟಕಿಗೆ ಬಂದು ಹೇಳುತ್ತಿದ್ದ. ತನ್ನ ಕೈಯಾರೆ ಒಂದಿಷ್ಟು ಸೊಪ್ಪು, ಹೊಟ್ಟು ಹಾಕಲೇ ಎಂದೂ ಕೇಳಿದ. ರಾಯರು, ಧಾರವಾಡದ ತಜ್ಞರಿಗಿಂತ ನಿನಗೆ ಹೆಚ್ಚು ತಿಳಿಯುತ್ತದೆಯೇ ಎಂದು ಗದರಿಸಿ, ‘ಘಟಕಗಳ ಪ್ರಕೃತಿ ಸಮಾಧಾನಕರ’ ಎಂದು ಬರೆದರು. ಅಮಸಿದ್ದಪ್ಪ ಪದ ಹಾಡುವುದನ್ನೂ ಬಿಟ್ಟ. ತನ್ನ ಮನೆಯ ಜೋಳದ ರೊಟ್ಟಿಯನ್ನು ಮುರಿದು ಕದ್ದು ಹಾಕುತ್ತಿದ್ದನೆಂದು ಆಮೇಲೆ ತಿಳಿಯಿತು.

ಒಂದು ಆದಿತ್ಯವಾರ ಡಾಕ್ಟರ್ ನಾಮದೇವ ಅವರು ಮುನ್ಸೂಚನೆ ಕೊಡದೆ ತಪಾಸಣೆಗೆ ಬಂದರು. ಗಂಭೀರ ಮನುಷ್ಯ, ಕಡಿಮೆ ಮಾತು. ಆರು ಹಂದಿಗಳನ್ನು ಸುತ್ತು ಹಾಕಿ ನೋಡಿ, ತಾವು ಬರೆದ ಬೂಸಾ, ಹಿಂಡಿ ಎಲ್ಲಿ ಹೋದವೆಂದು ಅಮಸಿದ್ದಪ್ಪನನ್ನು ಕೇಳಿದರು. ಕಾಗದದಲ್ಲಿದ್ದಂತೆ ಗಂಜಿ ಹಾಕಿದ್ದೇನೆಂದು ಅವನು ಹೇಳಿದ. ರುಮಾಲಿನ ಮಡಿಕೆಯಲ್ಲಿ ಜೋಪಾನವಾಗಿಟ್ಟಿದ್ದ ಚೀಟಿಯನ್ನೂ ತೆಗೆದು ತೋರಿಸಿದ. ನಾಮದೇವ ಅವರಿಗೆ ಅದರಲ್ಲಿ ಒಂದಕ್ಷರ ಓದಲು ಬರಲಿಲ್ಲ, ತಮ್ಮ ಕಾಗದವಂತೂ ಅದಲ್ಲ. ಮೇವು ಮಾರಿಕೊಂಡು ಯಾವುದೋ ಚೀಟಿ ತೋರಿಸುತ್ತಿದ್ದಾನೆಂದು ಅವರಿಗೆ ಖಾತ್ರಿಯಾಯಿತು. ಅವನನ್ನು ಟಾಂಗಾದಲ್ಲಿ ಕೂಡ್ರಿಸಿಕೊಂಡು ಗುಮಾಸ್ತರ ಮನೆ ಹುಡುಕುತ್ತ ಊರೊಳಗೆ ಬಂದರು.

ಅವರು ಬಂದಾಗ ಪಡಸಾಲೆಯಲ್ಲಿ ಹನ್ನೆರಡು ಮಂದಿ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದರು. ಪಾಂಡುರಂಗರಾಯರು ಎಲ್ಲಿ ಎಂದು ನಾಮದೇವ ಕೇಳಿದರು.

“ಹಿತ್ತಲದಾಗ ಕೆಸರಿನ್ಯಾಗ ಮಲಗ್ಯಾರ್ರಿ,” ಎಂದರು ಕುಮುದಿನಿಬಾಯಿ. “ಕೂಡ್ರಿ, ಇನ್ನ ಹತ್ತ ಮಿನಿಟಿನಾಗ ಏಳತಾರ.”

ನಾಮದೇವ ಅವರು ಕೂಡಲಿಲ್ಲ. ಅವರ ಕಣ್ಣು ಗೋಡೆಯ ಮೇಲಿನ ಚೌಕಟ್ಟಿಗೆ ಹೋಗಿತ್ತು. ಹತ್ತಿರ ಹೋಗಿ, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಬಟ್ಟಲುಗಳನ್ನು ನೋಡಿದರು. ಮತ್ತೆ ಓದಿದರು.

“ಇದು ನಾ ಬರದದ್ದು,” ಎಂದರು ಮೆಲ್ಲಗೆ.

ಪಂಕ್ತಿ ತಡಬಡಿಸಿ ಎದ್ದು ನಿಂತಿತು. ಬಸಗೊಂಡಪ್ಪನವರು ಕೈ ಒರೆಸಿಕೊಂಡು ಬಂದು ಅವರ ಕಾಲಿಗೆ ಎರಗಿದರು. ಇಪ್ಪತ್ತೆರಡು ವರ್ಷದಲ್ಲಿ ಮೀರಜಿನವರಿಂದ ಆಗದ್ದನ್ನು ನೀವು ಒಂದು ಹಾಳೆಯಲ್ಲಿ ಮಾಡಿದಿರಿ ಎಂದರು. ಹೆಡ್‌ಮಾಸ್ತರರು ತಮ್ಮ ಮೂಲವ್ಯಾಧಿಯ ವಿಷಯ ಆರಂಭಿಸಿದರು. ವಕೀಲರೊಬ್ಬರು ನಾಡಿ ನೋಡಲೆಂದು ಮುಂಗೈ ಚಾಚಿದರು. ನಾಮದೇವ ಅವರು ಅದುವರೆಗೆ ಬಾಲವಿಲ್ಲದವರ ನಾಡಿ ಹಿಡಿದವರಲ್ಲ. ಹಿಂದೆ ಸರಿಯುತ್ತ ಸರಿಯುತ್ತ ಗೋಡೆಗೆ ಆತುಕೊಂಡರು.

ಆ ಗದ್ದಲಕ್ಕೆ ರಾಯರು ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಎದೆಯವರೆಗೆ ಕೆಸರು, ಸೊಂಟಕ್ಕೆ ಪಂಚೆ. ನಾಮದೇವ ಅವರ ಗುರುತು ಹತ್ತಿತು. ಅಂಗಳದ ಮೆಟ್ಟಿಲ ಕೆಳಗೆ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ ಅಮಸಿದ್ದಪ್ಪನೂ ಕಂಡ. ಅವನ ಕೈಯಲ್ಲಿ ಇರುವೆಯ ಬರಹದ ಚೀಟಿ. ಗೋಡೆಯ ಮೇಲೆ ಟೈಪಿನ ಕಾಗದ. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದ ಆ ಗಳಿಗೆಯಲ್ಲಿ ರಾಯರಿಗೆ ಎಲ್ಲವೂ ತಿಳಿಯಿತು. ಮೈಮೇಲಿನ ಕೆಸರು ತಣ್ಣಗಾಯಿತು.

ನಾಮದೇವ ಅವರು ರಾಯರನ್ನು ಬದಿಗೆ ಕರೆದು, ಉಳಿದವರಿಗೆ ಕೇಳದಂತೆ ಮೆಲ್ಲಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಗುಮಾಸ್ತರು ಕಾಗದವನ್ನು ಇಷ್ಟು ಭಕ್ತಿಯಿಂದ ಕಾಯ್ದಿಟ್ಟಿರುವುದು ಅವರಿಗೆ ಮೆಚ್ಚುಗೆಯಾಗಿತ್ತು. ತಪ್ಪು ಆ ಆಳಿನದು, ಅವನು ಮೇವು ತಿಂದು ಪ್ರಾಣಿಗಳನ್ನು ಉಪವಾಸ ಕೆಡವಿದ್ದಾನೆ, ಇಂದೇ ತೆಗೆದುಹಾಕುವಂತೆ ಬರೆಯುತ್ತೇನೆ, ನೀವೊಂದು ಸಹಿ ಹಾಕಿದರೆ ಸಾಕು ಎಂದರು.

ಸಹಿ ಹಾಕಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ವಿಕಾಸ ಕಚೇರಿ ವಿಕಾಸ ಕಚೇರಿಯಾಗಿಯೇ ಉಳಿಯುತ್ತಿತ್ತು. ರಾಯರು ಪಡಸಾಲೆಯನ್ನೊಮ್ಮೆ ನೋಡಿದರು. ಊರಿನಲ್ಲಿ ಯಾರು ಯಾರ ಮುಂದೆ ಮರ್ಯಾದೆ ಉಳಿಯಬೇಕೆಂದು ಅವರು ಎರಡು ವರ್ಷ ಒದ್ದಾಡಿದ್ದರೋ ಅವರೆಲ್ಲ ಅಲ್ಲಿ ಬಟ್ಟಲು ಹಿಡಿದು ನಿಂತಿದ್ದರು. ಅಂಗಳದಲ್ಲಿ ಅಮಸಿದ್ದಪ್ಪ ನೆಲ ನೋಡುತ್ತಿದ್ದ. ಇಂಗ್ಲಿಷ್ ಬಾರದಿದ್ದರೂ ತನ್ನ ಬಗ್ಗೆಯೇ ಮಾತೆಂದು ಅವನಿಗೆ ತಿಳಿದಿತ್ತು.

ರಾಯರು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು. “ಅಮಸಿದ್ದಪ್ಪಂದು ಏನೂ ತಪ್ಪಿಲ್ಲರಿ. ಅಂವಾ ನನ್ನ ಔಷಧದ ಚೀಟಿ ಹಂದಿಗೆ ನಡಸ್ಯಾನ. ಯಾಕಂದ್ರ ಹಾಂಗ ಮಾಡು ಅಂತ ಹೇಳಿದಾಂವ ನಾನು. ಗ್ವಾಡಿ ಮ್ಯಾಲಿಂದು ಹಂದೀ ಕಾಗದ. ಒಂದ ತಿಂಗಳಾತು, ಹಂದೀ ಪಾಲಿಂದು ನಾವು ತಿನ್ನಾಕತ್ತೇವಿ.”

ಇಷ್ಟು ಹೇಳಿದ ಮೇಲೆ ಉಳಿದದ್ದೂ ತಾನಾಗಿ ಬಂತು. ತಮ್ಮ ಕಚೇರಿ ಯಾವುದು, ಬೇಲಿಯ ಹಿಂದೆ ಏನಿದೆ, ಘಟಕ ಎಂದರೆ ಏನು, ಎಲ್ಲ.

ವಕೀಲರಿಬ್ಬರೂ ಬಟ್ಟಲುಗಳನ್ನು ಕೆಳಗಿಟ್ಟರು. ಹೆಡ್‌ಮಾಸ್ತರರು ತಮ್ಮ ಬಟ್ಟಲನ್ನು ನೋಡುತ್ತ ಒಳಗೊಳಗೇ ಏನೋ ಲೆಕ್ಕ ಹಾಕುತ್ತಿದ್ದರು, ಬಹುಶಃ ಇಷ್ಟು ದಿನಕ್ಕೆ ಎಷ್ಟು ಬಟ್ಟಲಾಯಿತೆಂದು. ಕುಮುದಿನಿಬಾಯಿ ಗೋಳೋ ಎಂದು ಅತ್ತಾರೆಂದು ರಾಯರು ಕಾಯ್ದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಲ್ಲೇ ನಿಂತಿದ್ದರು. ಆಕೆಗೆ ಕಚೇರಿ ಯಾವುದೆಂದು ಹಂದಿಗಳು ಲಾರಿಯಿಂದ ಇಳಿದ ದಿನವೇ ಟಾಂಗಾದವನ ಹೆಂಡತಿಯಿಂದ ಗೊತ್ತಾಗಿತ್ತು. ಗಂಡ ತಾವಾಗಿ ಹೇಳಲೆಂದು ಸುಮ್ಮನಿದ್ದರು, ಅಷ್ಟೇ.

ಕೊನೆಗೆ ಬಸಗೊಂಡಪ್ಪನವರು ಮೆಲ್ಲಗೆ ತಮ್ಮ ಜಾಗಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತು ಬಟ್ಟಲು ಹತ್ತಿರ ಎಳೆದುಕೊಂಡರು.

“ಕಾಗದ ಯಾರದರ ಇರವಲ್ದ್ಯಾಕ,” ಎಂದರು. “ನನ್ನ ಹೊಟ್ಟಿಗೆ ಓದಾಕ ಬರೂದಿಲ್ಲ.”

ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ವಕೀಲರು ಮಾತ್ರ ಕಾಯದೆಯ ಪ್ರಕಾರ ಇದು ಹೇಗೆಂದು ಸ್ವಲ್ಪ ಯೋಚಿಸಿ, ಆಮೇಲೆ ಕುಳಿತರು. ಕುಮುದಿನಿಬಾಯಿ ಒಳಗಿನಿಂದ ಇನ್ನೆರಡು ಬಟ್ಟಲು ತಂದು ಒಂದನ್ನು ನಾಮದೇವ ಅವರ ಮುಂದಿಟ್ಟರು. ಇನ್ನೊಂದನ್ನು ಹಿಡಿದು, ಒಳಗೆ ಬಾ ಎಂದು ಅಮಸಿದ್ದಪ್ಪನನ್ನು ಕರೆದರು. ಆ ಮನೆಯ ಪಡಸಾಲೆಯಲ್ಲಿ ಅವನು ಕುಳಿತದ್ದು ಅದೇ ಮೊದಲು. ಬಸಗೊಂಡಪ್ಪನವರು ಸರಿದು ಜಾಗ ಮಾಡಿಕೊಟ್ಟರು.

ನಾಮದೇವ ಅವರು ಸಿಟ್ಟಾಗಬೇಕೋ ಬೇಡವೋ ಎಂದು ನಿರ್ಧರಿಸುವಷ್ಟರಲ್ಲಿ ರಾಯರ ತೂಕದ ನೋಟಬುಕ್ಕು ಅವರ ಕೈಗೆ ಬಂತು. ತಾರೀಖು, ತಿಂದ ಅಳತೆ, ಕುಡಿದ ನೀರು, ವಾಯುವಿನ ಏರಿಳಿತ, ತೂಕ. ಯಾವ ಸರಕಾರಿ ಕೇಂದ್ರದಲ್ಲಿಯೂ ಅವರು ಇಷ್ಟು ಪ್ರಾಮಾಣಿಕ ದಾಖಲೆ ಕಂಡಿರಲಿಲ್ಲ. ಥಾಲಿಪೆಟ್ಟು ಮುರಿಯುತ್ತ, ಆ ದಿನ ಮೊದಲ ಸಲ ಅವರು ನಾಲ್ಕು ಮಾತು ಹೆಚ್ಚಿಗೆ ಆಡಿದರು. ಕರುಳಿನ ವಿಷಯದಲ್ಲಿ ಹಂದಿಗೂ ಮನುಷ್ಯನಿಗೂ ಬಹಳ ಫರಕಿಲ್ಲ. ಇಬ್ಬರಿಗೂ ನಾರು ಒಂದೇ ರೀತಿ ಹುದುಗುತ್ತದೆ. ಮಿತಿಯಲ್ಲಿ ಕೊಟ್ಟರೆ ಹೊಟ್ಟೆ ತುಂಬಿ ಜೀವ ಶಾಂತವಾಗುತ್ತದೆ, ಅತಿಯಾದರೆ ತಿಂದ ಬೇರೆ ಅನ್ನವೂ ಮೈಗೆ ಹತ್ತದೆ ಹೋಗುತ್ತದೆ. ನೋಟಬುಕ್ಕಿನ ಪ್ರಕಾರ ಒಂದು ತಿಂಗಳಲ್ಲಿ ರಾಯರ ತೂಕ ಎರಡು ಕಿಲೋ ಇಳಿದಿತ್ತು. ಹಂದಿಯಾಗಿದ್ದರೆ ಇದು ಚಿಂತೆಯ ವಿಷಯ, ಗುಮಾಸ್ತರಾದ್ದರಿಂದ ಅಡ್ಡಿಯಿಲ್ಲ ಎಂದರು. ಅವರು ನಗದೆ ಹೇಳಿದ್ದರಿಂದ ಯಾರೂ ನಗಲಿಲ್ಲ.

ಮರುದಿನದಿಂದ ಬೂಸಾ ಕೇಂದ್ರಕ್ಕೂ ಹೋಯಿತು. ಮೊದಲ ದಿನ ರಾಯರೇ ಬುಟ್ಟಿ ಹಿಡಿದು ಬೇಲಿ ದಾಟಿದರು. ಹತ್ತು ದಿನದ ಲೆಕ್ಕವನ್ನು ಅನುಭವದಿಂದ ಬಲ್ಲವರು ಅಲ್ಲಿ ಅವರೊಬ್ಬರೇ. ಮೂರನೆಯ ದಿನ ಹಂದಿಗಳಿಗೆ ವಾಯು ಹಿಡಿದು ಹೊಟ್ಟೆ ಉಬ್ಬಿ ಕಂಗಾಲಾದಾಗ ಅಮಸಿದ್ದಪ್ಪ ಗಾಬರಿಯಾದ. ಗೋದಲಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತ ರಾಯರು, “ಹಂಗ ಆಗತದ, ಆಗತದ. ನನಗೂ ಆಗಿತ್ತು,” ಎಂದು ಒಂದರ ಬೆನ್ನು ಸವರಿದರು. ಹನ್ನೊಂದನೆಯ ದಿನ ಆರೂ ಹಂದಿಗಳು ಸರಿಹೋದವು. ಬಾಲ ಕಚ್ಚುವುದನ್ನು ಬಿಟ್ಟು, ಹೊಟ್ಟೆ ತುಂಬ ತಿಂದು, ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿದವು. ದೀಪಾವಳಿಯ ಹೊತ್ತಿಗೆ ಅಮಸಿದ್ದಪ್ಪನ ಕಾಯಂ ಹುಕುಂ ಬಂತು. ಅದನ್ನು ಓದಿ ಹೇಳಿದವರೂ ರಾಯರೇ, ಈ ಸಲ ಎರಡೆರಡು ಸಲ ಲಕೋಟೆ ನೋಡಿ.

ಮುಂದೆ ಎರಡು ವರ್ಷಕ್ಕೆ ಸರಕಾರ ತನ್ನ ವಿಚಾರ ಬದಲಿಸಿ ಆ ಕೇಂದ್ರವನ್ನು ಮುಚ್ಚಿ, ಹಂದಿಗಳನ್ನು ಬೇರೆ ಜಿಲ್ಲೆಗೆ ಸಾಗಿಸಲು ಲಾರಿ ಕಳಿಸಿತು. ಅಮಸಿದ್ದಪ್ಪನೂ ಅವುಗಳ ಜೊತೆ ಹೊರಟ. ಕುಡಚಿಯವರೆಗೆ ಲಾರಿ, ಅಲ್ಲಿಂದ ರೈಲು. ಆ ಹೊತ್ತಿಗೆ ಹಂದಿಗಳು ಒಂದೊಂದೂ ಎಮ್ಮೆಕರುವಿನಷ್ಟಾಗಿದ್ದವು. ಹಲಗೆ ಹತ್ತಲು ಒಂದೂ ಒಪ್ಪಲಿಲ್ಲ. ಡ್ರೈವರ್ ಬಯ್ದ, ಅಮಸಿದ್ದಪ್ಪ ಪುಸಲಾಯಿಸಿದ, ಏನೂ ನಡೆಯಲಿಲ್ಲ. ಕೊನೆಗೆ ರಾಯರು ಕೋಟು ಬಿಚ್ಚಿ ಬೇಲಿಗೆ ಹಾಕಿ, ಬೂಸಾದ ಬುಟ್ಟಿ ಹಿಡಿದು ತಾವೇ ಲಾರಿ ಹತ್ತಿ, ಅಮಸಿದ್ದಪ್ಪ ಇಟ್ಟ ಹೆಸರುಗಳಿಂದಲೇ ಒಂದೊಂದನ್ನೂ ಕರೆದರು. ಆರೂ ಒಂದರ ಹಿಂದೊಂದು ಹತ್ತಿ ಬಂದು ಅವರನ್ನು ಮೂಲೆಗೆ ಒತ್ತಿ ನಿಂತವು. ಹಿಂದಿನ ಬಾಗಿಲು ಹಾಕಿದ ಮೇಲೆಯೇ ರಾಯರು ಒಳಗೆ ಉಳಿದದ್ದು ಎಲ್ಲರ ಗಮನಕ್ಕೆ ಬಂತು. ಬಾಗಿಲು ತೆರೆದರೆ ಹಂದಿಗಳು ಇಳಿಯುತ್ತವೆ. ರೈಲಿನ ಹೊತ್ತೂ ಮೀರುತ್ತಿತ್ತು.

ದಾರಿ ಜಮಖಂಡಿಯ ಪೇಟೆಯ ನಡುವೆಯೇ ಹಾಯುತ್ತಿತ್ತು. ಡ್ರೈವರ್ ಒಳ್ಳೆಯವನು. ಊರು ಬರುವ ಮೊದಲೇ ಗಾಡಿ ನಿಲ್ಲಿಸಿ ಕೆಳಗಿಳಿದು, ಮೇಲೊಂದು ತಾಡಪತ್ರಿ ಹೊದಿಸುತ್ತೇನೆ, ಯಾರಿಗೂ ಕಾಣುವುದಿಲ್ಲ, ಬನಹಟ್ಟಿ ದಾಟಿದ ಮೇಲೆ ಹಂದಿಗಳು ಶಾಂತವಾದಾಗ ಎಲ್ಲಾದರೂ ಇಳಿಸುತ್ತೇನೆ ಎಂದ.

“ತಾಡಪತ್ರಿ ಬ್ಯಾಡಪಾ, ಇವಕ್ಕ ಸೆಕಿ ಆಗತದ,” ಎಂದರು ರಾಯರು. “ಪ್ಯಾಟ್ಯಾಗ ಸ್ವಲ್ಪ ಸಾವಕಾಶ ನಡಸು. ಗದ್ದಲ ರೂಢಿ ಇಲ್ಲ ಇವಕ್ಕ.”

ಲಾರಿ ಪೇಟೆಯಲ್ಲಿ ಎತ್ತಿನ ಗಾಡಿಯ ಗತಿಯಲ್ಲಿ ಸಾಗಿತು. ಅಂಗಡಿಯವರು ತಕ್ಕಡಿ ಕೈಯಲ್ಲೇ ಹಿಡಿದು ಹೊರಗೆ ಬಂದರು. ಬೆಲ್ಲದ ಅಡತಿಯ ಮುಂದೆ ಬಸಗೊಂಡಪ್ಪನವರು ಎದ್ದು ನಿಂತು ಎರಡೂ ಕೈ ಜೋಡಿಸಿದರು. ಅದು ರಾಯರಿಗೋ ಹಂದಿಗಳಿಗೋ ಎಂದು ಹೇಳುವುದು ಕಷ್ಟ. ರಾಯರ ಒಂದು ಕೈ ಲಾರಿಯ ಹಲಗೆಯ ಮೇಲೆ, ಇನ್ನೊಂದು ಕೈ ಒಂದು ಹಂದಿಯ ಬೆನ್ನ ಮೇಲೆ ಇದ್ದುದರಿಂದ ಅವರು ತಲೆಯನ್ನಷ್ಟೇ ಬಾಗಿಸಿ ನಮಸ್ಕಾರ ಹೇಳಿದರು. ಬನಹಟ್ಟಿ ದಾಟಿದಾಗ ಡ್ರೈವರ್ ಮತ್ತೆ ಗಾಡಿ ನಿಲ್ಲಿಸಿ, ಇಳಿಯುತ್ತೀರಾ ಎಂದು ಕೇಳಿದ. ರಾಯರು ಇಳಿಯಲಿಲ್ಲ. ಕುಡಚಿಯವರೆಗೂ ಹೋದರು.